ಹೆರಿಗೆ ತೋಟದ ಮನೆಯಲ್ಲೇ ಆಗಲಿ ಅಂತಿದ್ದೇನೆ. ಡಾಕ್ಟರ್ ಇಲ್ಲದೆ ಹೆತ್ತವರು ಯಾರಾದರೂ ಇದ್ದೀರಾ?

ಮೂಡಿಗೆರೆ ಮಗಳು

ಎಲ್ಲರಿಗೂ ನಮಸ್ಕಾರ. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ನನಗೀಗ ಏಳು ತಿಂಗಳು. ಎರಡನೇದು. ಆಗಸ್ಟ್ 9 ಅಂತ ದಿನ ಕೊಟ್ಟಿದ್ದಾರೆ. ಇರುವುದು ಬೆಂಗಳೂರು, ನಾಗರಭಾವಿ. ತವರು ಮೂಡಿಗೆರೆ ಕಡೆ, ಕಾಫಿ ತೋಟದ ಮನೆ. ಬಾಣಂತನಕ್ಕೆ ಹೇಗೂ ಅಲ್ಲಿಗೇ ಹೋಗುವುದು. ಹೆರಿಗೆಯೂ ಅಲ್ಲೇ, ನಾನು ಹುಟ್ಟಿದ ಕೋಣೆಯಲ್ಲೇ ಆಗಲಿ ಅಂತ ಆಸೆ. ಡಾಕ್ಟರ್ ಇಲ್ಲ, ನರ್ಸ್ ಇಲ್ಲ. ಅಮ್ಮ, ನಾನು, ನನ್ನ ಗಂಡ, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ಮೊದಲನೇ ಹೆರಿಗೆ 2021ರ ಮೇನಲ್ಲಿ, ಕೋವಿಡ್ ಜೋರಾಗಿದ್ದಾಗ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಯಾರನ್ನೂ ಒಳಗೆ ಬಿಡಲಿಲ್ಲ. ಹದಿನಾಲ್ಕು ಗಂಟೆ ಒಬ್ಬಳೇ ಇದ್ದೆ. ನೋವು ಬರಲಿ ಅಂತ ಡ್ರಿಪ್ ಹಾಕಿದರು, ಒಂದು ಮಾತು ಹೇಳಲಿಲ್ಲ. ಎದ್ದು ಓಡಾಡುತ್ತೇನೆ ಅಂದರೆ ಬಿಡಲಿಲ್ಲ. ಕಿರುಚಿಕೊಂಡಿದ್ದಕ್ಕೆ ಒಬ್ಬ ನರ್ಸ್, "ಆವಾಗ ಚೆನ್ನಾಗಿತ್ತಲ್ವಾ, ಈಗ್ಯಾಕೆ ಕೂಗ್ತೀಯ" ಅಂದಳು. ನಾಲ್ಕು ವರ್ಷ ಆಯಿತು, ಆ ಮಾತು ಇನ್ನೂ ಕಿವಿಯಲ್ಲಿದೆ. ಹೊಲಿಗೆ ಹಾಕುವಾಗ ಜಾಗ ಸರಿಯಾಗಿ ಮರಗಟ್ಟಿರಲಿಲ್ಲ. ಒಂದೊಂದು ಹೊಲಿಗೆಯೂ ಗೊತ್ತಾಯಿತು. ಮಗಳ ಮುಖ ತೋರಿಸಿದ್ದು ಎರಡು ಗಂಟೆ ಬಿಟ್ಟು. ಈ ಸಲ ಬಸುರಿ ಅಂತ ಗೊತ್ತಾದ ದಿನ ಖುಷಿಗಿಂತ ಮೊದಲು ನೆನಪಾಗಿದ್ದು ಆ ಕೋಣೆಯ ಫಿನಾಯಿಲ್ ವಾಸನೆ.

ಆಮೇಲೆ ಮನೆ ಹೆರಿಗೆಯ ವಿಡಿಯೋ ನೋಡಲು ಶುರು ಮಾಡಿದೆ. ಒಂದು ವಾಟ್ಸಾಪ್ ಗುಂಪಿಗೂ ಸೇರಿದೆ. "ಹೆರಿಗೆ ಕಾಯಿಲೆ ಅಲ್ಲ, ಹಸು ಎಮ್ಮೆ ಯಾವ ಆಸ್ಪತ್ರೆಗೆ ಹೋಗ್ತವೆ" ಅಂತ ಕೇಳುತ್ತಾರೆ ಅಲ್ಲಿ. ಸರಿ ಅನಿಸುತ್ತದೆ. ಆನ್‌ಲೈನ್ ತರಗತಿಯೂ ಇದೆ, ಫೀಸು 18,000. ಇನ್ನೂ ಕಟ್ಟಿಲ್ಲ.

ನಮ್ಮಜ್ಜಿ ಅದೇ ಮನೆಯಲ್ಲಿ ಆರು ಹೆತ್ತವರು. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ಗಂಡ "ನಿನ್ನಿಷ್ಟ" ಅಂದು ಜಾರಿಕೊಂಡಿದ್ದಾರೆ. ಬಿ.ಪಿ., ಸಕ್ಕರೆ ಸರಿ ಇದೆ. ಸ್ಕ್ಯಾನಿಂಗ್ ಚೆನ್ನಾಗಿದೆ. ಹಿಮೋಗ್ಲೋಬಿನ್ 9.8. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮೂಡಿಗೆರೆ 19 ಕಿಲೋಮೀಟರ್.

ನಿಜವಾಗಿ ಮನೆಯಲ್ಲಿ ಹೆತ್ತವರು, ಹೆರಿಸಿದವರು ಇದ್ದರೆ ಹೇಳಿ. "ಡಾಕ್ಟರ್ ಹತ್ರ ಕೇಳಿ" ಅನ್ನುವವರು ದಯವಿಟ್ಟು ಬೇಡ. ಕೇಳಿ ಆಯಿತು.

ಕಾಫಿಪುಡಿ

ನಮ್ಮಜ್ಜಿ ಹನ್ನೊಂದು ಹೆತ್ತಳು. ಒಂದಕ್ಕೂ ಆಸ್ಪತ್ರೆ ಮುಖ ನೋಡಿದವಳಲ್ಲ. ಬೆಳಿಗ್ಗೆ ಹೆತ್ತು ಸಂಜೆ ಹಾಲು ಕರೆದ ಗಟ್ಟಿಗಿತ್ತಿ. ಈಗಿನವರಿಗೆ ಎಲ್ಲಕ್ಕೂ ಭಯ. ಧೈರ್ಯ ಮಾಡಿ ಮೇಡಂ.

ಗುಂಡ್ಲುಪೇಟೆ

ಹನ್ನೊಂದರಲ್ಲಿ ಉಳಿದದ್ದೆಷ್ಟು ಸಾರ್?

ಕಾಫಿಪುಡಿ

ಏಳು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ.

ಗುಂಡ್ಲುಪೇಟೆ

ನಾನೂ ಅದನ್ನೇ ಕೇಳಿದ್ದು.

ನಿವೃತ್ತ ಸಿಸ್ಟರ್, ಮಧುಗಿರಿ ಕಡೆ

ನಾನು ಡಾಕ್ಟರ್ ಅಲ್ಲ, ಎ.ಎನ್.ಎಂ., ಅಂದರೆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ನರ್ಸ್. 1983ರಲ್ಲಿ ಕೆಲಸಕ್ಕೆ ಸೇರಿದೆ, 2021ರಲ್ಲಿ ರಿಟೈರ್ ಆದೆ. ಮಧುಗಿರಿ, ಪಾವಗಡ, ಶಿರಾ ಕಡೆಯ ಸಬ್ ಸೆಂಟರ್‌ಗಳಲ್ಲೇ ಸರ್ವೀಸ್ ಮುಗಿಯಿತು. ಮೊದಲ ಇಪ್ಪತ್ತು ವರ್ಷ ಮಾಡಿಸಿದ ಹೆರಿಗೆಗಳಲ್ಲಿ ಮುಕ್ಕಾಲು ಪಾಲು ಮನೆಗಳಲ್ಲೇ. ಹೆರಿಸಿದವರು ಹೇಳಿ ಅಂದಿದ್ದೀಯ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ವಯಸ್ಸಿನ ಮಗಳು ನನಗೂ ಇದ್ದಾಳೆ. ನೀನು ಅಂತಲೇ ಕರೆಯುತ್ತೇನೆ, ಬೇಜಾರು ಮಾಡ್ಕೋಬೇಡ ಕಣಮ್ಮ.

ಮೊದಲು ಆ ನರ್ಸ್ ಆಡಿದ ಮಾತು. ಆಡುತ್ತಾರೆ. ನಾನೇ ಎಷ್ಟೋ ಕಡೆ ಕೇಳಿದ್ದೇನೆ. ಸರ್ವೀಸಿನ ಶುರುವಿನಲ್ಲಿ ನಾನೂ ಗದರಿದ್ದುಂಟು, ಕಾಲು ಅಗಲಿಸು ಅಂತ ತೊಡೆಗೆ ಏಟು ಹಾಕಿದ್ದುಂಟು. ನಮಗಿಂತ ಹಿರಿಯರು ಹಾಗೆ ಮಾಡುತ್ತಿದ್ದರು, ನೋಡಿ ಕಲಿತೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹಾಗಾಗಿ ನಿನ್ನ ಸಿಟ್ಟು ತಪ್ಪು ಅಂತ ನಾನಂತೂ ಹೇಳುವುದಿಲ್ಲ.

ಮನೆಯಲ್ಲಿ ಏನು ಸುಖ ಅಂತಲೂ ನನಗೆ ಗೊತ್ತು. ನೋವು ಬಂದಾಗ ಕಂಬ ಹಿಡಿದು ನಿಲ್ಲಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಬೇಕೆಂದಾಗ ಕಾಫಿ ಕುಡಿಯಬಹುದು. ಸೂಲಗಿತ್ತಿ ಅಜ್ಜಿ ಹಿಂದೆ ಕೂತು ಸೊಂಟಕ್ಕೆ ಹರಳೆಣ್ಣೆ ತಿಕ್ಕುತ್ತಾ, ಯಾರದೋ ಮನೆಯ ಪೋಲಿ ಕಥೆ ಹೇಳಿ ನಗಿಸುತ್ತಿದ್ದಳು. ನೋವಿನ ಮಧ್ಯೆ ನಗುವ ಹೆಂಗಸರನ್ನು ನಾನು ಮನೆಗಳಲ್ಲಿ ನೋಡಿದ್ದೇನೆ. ಲೇಬರ್ ವಾರ್ಡಿನಲ್ಲಿ ನೋಡಿದ ನೆನಪಿಲ್ಲ.

ನೂರು ಹೆರಿಗೆಯಲ್ಲಿ ಎಂಬತ್ತೈದಾದರೂ ತಾವಾಗೇ ಆಗುತ್ತವೆ. ನಾವು ಇದ್ದರೂ ಆಗುತ್ತವೆ, ಇಲ್ಲದಿದ್ದರೂ ಆಗುತ್ತವೆ. ವಿಡಿಯೋ ಹಾಕುವವರೆಲ್ಲ ಆ ಎಂಬತ್ತೈದರವರು. ಉಳಿದವರು ಹಾಕುವುದಿಲ್ಲ.

1991ರ ಒಂದು ರಾತ್ರಿ ಹೇಳುತ್ತೇನೆ, ಕೇಳು.

ಕಡಲೆಕಾಯಿ ಕಿತ್ತು ಮೂಟೆ ಕಟ್ಟುತ್ತಿದ್ದ ಕಾಲ, ನವೆಂಬರ್. ಮೂರನೇ ಹೆರಿಗೆ. ಗಟ್ಟಿ ಹೆಂಗಸು, ಹಿಂದಿನ ದಿನದವರೆಗೂ ಕಾಯಿ ಬಿಡಿಸಿದ್ದಳು. ನನ್ನನ್ನು ಕರೆದಿರಲಿಲ್ಲ. ಎರಡು ಸಲ ಸುಸೂತ್ರ ಆಗಿದೆ, ಸಿಸ್ಟರ್ ಯಾಕೆ ಅಂತ. ರಾತ್ರಿ ಎಂಟೂವರೆಗೆ ಗಂಡು ಮಗು ಹುಟ್ಟಿತು. ಚೆನ್ನಾಗಿ ಅತ್ತಿತು. ಮಾಸೂ ಬಿತ್ತು. ಎರಡು ಹೆಣ್ಣಿನ ಮೇಲೆ ಗಂಡು ಅಂದರೆ ಕೇಳಬೇಕಾ, ಮನೆಯವರೆಲ್ಲ ಮಗುವಿನ ಸುತ್ತ. ಬೆಲ್ಲ ಹಂಚಿದರು. ತಾಯಿಯನ್ನು ಕರೀ ಕಂಬಳಿ ಮೇಲೆ ಮಲಗಿಸಿ ಇನ್ನೊಂದು ಕಂಬಳಿ ಹೊದಿಸಿದ್ದರು. ಮೂಲೆಯಲ್ಲಿ ಒಂದು ಬುಡ್ಡಿ ದೀಪ.

"ನಿದ್ದೆ ಬರ್ತೈತೆ" ಅಂದಳಂತೆ. ಸುಸ್ತಾಗಿದ್ದಾಳೆ, ಮಲಗಲಿ ಅಂದರು. ಸ್ವಲ್ಪ ಹೊತ್ತಿಗೆ ಬಾಯಾರಿಕೆ ಅಂದಳು, ಬಿಸಿನೀರು ಕೊಟ್ಟರು. ಆಮೇಲೆ "ದೀಪ ಯಾಕೆ ಆರ್ಸಿದ್ರಿ" ಅಂತ ಕೇಳಿದಳಂತೆ. ದೀಪ ಉರಿಯುತ್ತಲೇ ಇತ್ತು. ಆಗ ಅವಳ ಅತ್ತೆಗೆ ಗಾಬರಿಯಾಗಿ ನನಗೆ ಹೇಳಿಕಳಿಸಿದರು.

ಮೂರು ಕಿಲೋಮೀಟರ್. ಮೈದುನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ. ಹೋದವಳೇ ಕಂಬಳಿ ಮೇಲೆ ಮಂಡಿ ಊರಿದೆ. ಸೀರೆ ಒದ್ದೆಯಾಯಿತು. ಬ್ಯಾಟರಿ ಬಿಟ್ಟು ನೋಡಿದರೂ ಕಂಬಳಿ ಕಪ್ಪಾಗೇ ಕಾಣುತ್ತಿತ್ತು. ಕೈಯಿಂದ ಒತ್ತಿದರೆ ಬೆರಳ ಸಂದಿಯಲ್ಲಿ ರಕ್ತ ಬಂತು. ಅಷ್ಟು ಹೊತ್ತೂ ಕಂಬಳಿ ಕುಡಿದಿತ್ತು. ಆ ಮನೆಯಲ್ಲಿ ಆರು ಜನ ಹೆಂಗಸರಿದ್ದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಹೊಕ್ಕುಳ ಹತ್ತಿರ ಕೈ ಇಟ್ಟೆ. ಹೆರಿಗೆಯಾದ ಮೇಲೆ ಗರ್ಭಕೋಶ ತೆಂಗಿನಕಾಯಿ ಹಾಗೆ ಗಟ್ಟಿ ಸಿಗಬೇಕು. ಇದು ನಾದಿದ ಹಿಟ್ಟಿನ ಹಾಗಿತ್ತು. ತಿಕ್ಕಿದೆ. ಮೆಥರ್ಜಿನ್ ಇಂಜೆಕ್ಷನ್ ಇದ್ದದ್ದು ಎರಡು, ಎರಡೂ ಕೊಟ್ಟೆ. ಗಟ್ಟಿಯಾಗುವುದು, ಕೈ ತೆಗೆದರೆ ಮತ್ತೆ ಸಡಿಲ. ಮಾಸು ಎಲ್ಲಿ ಅಂದರೆ ಆಗಲೇ ಹೂಳಿ ಕಲ್ಲು ಇಟ್ಟಿದ್ದರು. ಪೂರ್ತಿ ಬಂದಿತ್ತಾ, ತುಂಡು ಒಳಗೇ ಉಳಿದಿತ್ತಾ, ನೋಡುವ ಹಾಗಿರಲಿಲ್ಲ. ಟ್ರಾಕ್ಟರಿನಿಂದ ಮೂಟೆ ಇಳಿಸಿ ಹೊರಟೆವು. ತಾಲ್ಲೂಕು ಆಸ್ಪತ್ರೆಗೆ 22 ಕಿಲೋಮೀಟರ್. ದಾರಿಯುದ್ದಕ್ಕೂ ಅವಳ ಹೊಟ್ಟೆ ಮೇಲಿನ ಕೈ ನಾನು ತೆಗೆಯಲಿಲ್ಲ. ಕೆರೆ ಏರಿ ದಾಟುವಾಗ ಅವಳು ತಣ್ಣಗಾಗಿದ್ದಳು. ಟ್ರೈಲರ್ ಮೂಲೆಯಲ್ಲಿ ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಅದು ನಿದ್ದೆ ಮಾಡುತ್ತಿತ್ತು.

ಆ ಹುಡುಗನಿಗೆ ಈಗ ಮೂವತ್ಮೂರು. ಹೆಂಡತಿಗೆ ದಿನ ತುಂಬುವ ಎಂಟು ದಿನ ಮುಂಚೆಯೇ ಕರೆದುಕೊಂಡು ಹೋಗಿ ಆಸ್ಪತ್ರೆ ಪಕ್ಕ ಬಾಡಿಗೆಗೆ ರೂಮು ಹಿಡಿದಿದ್ದ. ಊರವರು ನಕ್ಕರು. ಅವನಿಗೆ ಯಾಕೆ ಅಂತ ನಾನು ಕೇಳಲಿಲ್ಲ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಒಂದು ಹಳೇ ಬಿಳಿ ಪಂಚೆ ಇರುತ್ತಿತ್ತು. ಯಾರ ಮನೆಗೆ ಹೋದರೂ ಕಂಬಳಿ ಮೇಲೆ ಅದನ್ನು ಹಾಸಬೇಕು. ಎಷ್ಟೋ ಮನೆಯಲ್ಲಿ ಜಗಳ, ಬಿಳಿ ಬಟ್ಟೆ ಅಪಶಕುನ ಅಂತ. ನಾನು ಕೇಳುತ್ತಿರಲಿಲ್ಲ.

ವಿಡಿಯೋದಲ್ಲಿ ಮಗು ಬಂದ ತಕ್ಷಣ ಹಾಡು ಹಾಕಿ ಮುಗಿಸುತ್ತಾರೆ. ನಮ್ಮ ಕೆಲಸ ಆಗ ಶುರು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಮೈಯಲ್ಲಿರುವುದೆಲ್ಲ ಸೇರಿ ಐದಾರು ಲೀಟರ್. ಮಾಸು ಕಳಚಿದ ಜಾಗದ ನಲ್ಲಿಗಳನ್ನು ಮುಚ್ಚುವುದು ಗರ್ಭಕೋಶದ ಬಿಗಿತ ಒಂದೇ. ಅದು ಬಿಗಿಯದಿದ್ದರೆ ಒಂದೆರಡು ಗಂಟೆಯಲ್ಲಿ ಕಥೆ ಮುಗಿಯಿತು. ಅದಕ್ಕೇ ಈಗ ಮಗು ಬಂದ ಒಂದು ನಿಮಿಷದೊಳಗೆ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುತ್ತಾರೆ. ಬೆಲೆಯೇನೂ ಜಾಸ್ತಿ ಇಲ್ಲ. ಆದರೆ ತಣ್ಣಗೆ ಇಟ್ಟಿರಬೇಕು, ಕೊಡಲು ಬಲ್ಲವರು ಇರಬೇಕು.

ಯಾರಿಗೆ ಹೀಗಾಗುತ್ತದೆ ಅಂತ ಮುಂಚೆ ಹೇಳಲು ಬರುವುದಿಲ್ಲ. ಬಿ.ಪಿ. ಸರಿ, ಸ್ಕ್ಯಾನಿಂಗ್ ಸರಿ ಅಂದರೆ ಇದಕ್ಕೆ ಉತ್ತರ ಆಗಲಿಲ್ಲ. ನಿನ್ನ ಬರಹದಲ್ಲಿ ನನ್ನ ಕಣ್ಣು ನಿಂತದ್ದು 9.8ರ ಮೇಲೆ. ಬಸುರಿಗೆ 11 ಇರಬೇಕು. ಬೇರೆಯವರ ಮೈ ತಡೆಯುವಷ್ಟು ರಕ್ತ ಹೋದರೂ ನಿನ್ನ ಮೈ ತಡೆಯದೆ ಇರಬಹುದು. ಇನ್ನು ಆಗಸ್ಟ್, ಮೂಡಿಗೆರೆ, ತೋಟದ ಮನೆ! ಮರ ಬಿದ್ದು ದಾರಿ ಬಂದ್, ಕರೆಂಟ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಆ ಕಡೆ ರಾತ್ರಿ ಹೊತ್ತು ಆನೆ ಬೇರೆ. 19 ಕಿಲೋಮೀಟರ್ ಅನ್ನುವುದು ಬೇಸಿಗೆಯ ಲೆಕ್ಕ ಕಣಮ್ಮ.

ಹಸು ಎಮ್ಮೆ ಅಂದವರಿಗೆ ಒಂದು ಮಾತು. ಕರು ಅಡ್ಡ ಬಂದರೆ, ಕಸ ಬೀಳದಿದ್ದರೆ, ನಡುರಾತ್ರಿ ದನದ ಡಾಕ್ಟರ ಬಾಗಿಲು ತಟ್ಟುವುದನ್ನು ನಾನು ನೋಡಿದ್ದೇನೆ. ಎಮ್ಮೆಗೆ ಡಾಕ್ಟರ್ ಬೇಡ ಅಂದ ರೈತನನ್ನು ಮಾತ್ರ ನೋಡಿಲ್ಲ.

ಅಜ್ಜಿಯರ ಕಾಲ ಅಂತ ಎಲ್ಲರೂ ಹೇಳುತ್ತೀರಲ್ಲ, ಅದರಲ್ಲಿ ಒಂದು ತಪ್ಪಿದೆ. ನಿಮ್ಮಜ್ಜಿಯರು ಯಾರೂ ಒಬ್ಬರೇ ಹೆತ್ತಿಲ್ಲ. ನಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯ ಹೆಸರು ಕೇಳಿರುತ್ತೀರಿ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು, 98 ವರ್ಷ. ಅವರು ವಿದ್ಯೆ ಕಲಿತದ್ದು ತಮ್ಮ ಅಜ್ಜಿಯಿಂದ. ಅಂಥ ಕೈ ಪಕ್ಕದಲ್ಲಿದ್ದರೆ ಅದನ್ನು ಸಹಾಯ ಇಲ್ಲದ ಹೆರಿಗೆ ಅನ್ನುತ್ತಾರಾ? ಆ ಕಾಲಕ್ಕೆ ಇದ್ದ ಸಹಾಯವೇ ಅದು. ನಿನ್ನ ಕೋಣೆಯಲ್ಲಿ ಇರುವವರು ಯಾರು? ಅಮ್ಮ ಎಷ್ಟು ಹೆರಿಗೆ ಮಾಡಿಸಿದ್ದಾರೆ? ಗಂಡ?

ಅಷ್ಟು ಸೂಲಗಿತ್ತಿಯರು ಇದ್ದೂ ಹೋಗುವವರು ಹೋಗುತ್ತಿದ್ದರು, ಅದನ್ನೂ ಹೇಳಬೇಕು. 2001-03ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69. ನಡುವೆ ಆಶಾ ಬಂದರು, 108 ಬಂತು, ಹೆರಿಗೆ ಆಸ್ಪತ್ರೆಗೆ ಬಂತು. ನಾನು ಕಣ್ಣಾರೆ ನೋಡಿದ ಬದಲಾವಣೆ ಇದು. ಸರ್ಕಾರದ ಪರ ಮಾತಾಡುತ್ತಿಲ್ಲ, ನನ್ನ ಪೆನ್ಷನ್ ಅರಿಯರ್ಸ್ ಇನ್ನೂ ಕೊಟ್ಟಿಲ್ಲ ಅವರು.

ಲೀಡ್ಸ್‌ನಲ್ಲಿ ಮೈಸೂರವಳು

ಸಿಸ್ಟರ್ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ಎರಡನೇ ಮಗುವನ್ನು 2019ರಲ್ಲಿ ಮನೆಯಲ್ಲೇ ಹೆತ್ತೆ, ಇಲ್ಲಿ ಇಂಗ್ಲೆಂಡಿನಲ್ಲಿ. ಆದರೆ ಒಬ್ಬಳೇ ಅಲ್ಲ. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಮಿಡ್‌ವೈಫ್‌ಗಳೇ ಮನೆಗೆ ಬರುತ್ತಾರೆ, ದುಡ್ಡು ಇಲ್ಲ. ಇಬ್ಬರು ಬಂದರು. ನೋವಿಗೆ ಗ್ಯಾಸ್ ಸಿಲಿಂಡರ್, ಮಗು ಅಳದಿದ್ದರೆ ಉಸಿರು ಕೊಡುವ ಬ್ಯಾಗು, ರಕ್ತ ನಿಲ್ಲಿಸುವ ಇಂಜೆಕ್ಷನ್, ಎಲ್ಲ ಹೊತ್ತು ತಂದರು. ಒಂಬತ್ತನೇ ತಿಂಗಳಲ್ಲೇ ಒಬ್ಬರು ಬಂದು ಮೆಟ್ಟಿಲ ಅಗಲ ನೋಡಿ, ಸ್ಟ್ರೆಚರ್ ತಿರುಗುತ್ತದಾ ಅಂತ ಅಳೆದು ಹೋಗಿದ್ದರು. ಆಸ್ಪತ್ರೆ ಹನ್ನೆರಡು ನಿಮಿಷ.

ಹೆರಿಗೆಯಾದ ಮೇಲೆ ಒದ್ದೆಯಾದ ಟವೆಲ್ಲು, ಪ್ಯಾಡು ಎಲ್ಲವನ್ನೂ ಅವರು ತಕ್ಕಡಿಯಲ್ಲಿ ತೂಗಿದರು. 310 ಗ್ರಾಂ ಅಂತ ಬರೆದುಕೊಂಡರು. ಆಗ ನನಗೆ ನಗು ಬಂದಿತ್ತು, ತರಕಾರಿ ತೂಗುವ ಹಾಗೆ ತೂಗುತ್ತಾರಲ್ಲ ಅಂತ. ಕಂಬಳಿ ವಿಷಯ ಓದಿದ ಮೇಲೆ ಅರ್ಥವಾಯಿತು.

ಇಲ್ಲಿ 2011ರಲ್ಲಿ ಬರ್ತ್‌ಪ್ಲೇಸ್ ಅಂತ ದೊಡ್ಡ ಅಧ್ಯಯನ ಬಂತು. ತೊಂದರೆಯ ಲಕ್ಷಣ ಇಲ್ಲದ ಬಸುರಿಯರದ್ದು ಮಾತ್ರ ಲೆಕ್ಕ. ಎರಡನೇ, ಮೂರನೇ ಹೆರಿಗೆಯವರಿಗೆ ಮನೆಯಲ್ಲಾದರೂ ಆಸ್ಪತ್ರೆಯಲ್ಲಾದರೂ ಮಗುವಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲು ಆದರೆ ಮನೆಯಲ್ಲಿ ಸಾವಿರಕ್ಕೆ 9.3 ಮಕ್ಕಳಿಗೆ ತೊಂದರೆ, ಆಸ್ಪತ್ರೆಯಲ್ಲಿ 5.3. ಮನೆಯಲ್ಲಿ ಶುರು ಮಾಡಿದ ಚೊಚ್ಚಲು ಬಸುರಿಯರಲ್ಲಿ ನೂರಕ್ಕೆ 45 ಜನರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಎರಡನೇದಕ್ಕೂ ನೂರಕ್ಕೆ 12. ಇದೆಲ್ಲ ತರಬೇತಾದ ಮಿಡ್‌ವೈಫ್ ಇದ್ದು, ಆಂಬುಲೆನ್ಸ್ ಬಂದು, ದಾರಿಯಲ್ಲಿ ಮರ ಬೀಳದ ಊರಿನ ಲೆಕ್ಕ. ನೀವು ನೋಡುವ ವಿಡಿಯೋಗಳಲ್ಲಿ ಮಿಡ್‌ವೈಫ್ ಕ್ಯಾಮೆರಾ ಹಿಂದೆ ನಿಂತಿರಬಹುದು, ಅದನ್ನೂ ಗಮನಿಸಿ.

ನಾನು ಮನೆ ಹೆರಿಗೆಯ ಪರ. ಆದರೆ ನಿಮ್ಮ ಯೋಜನೆ ಅದಲ್ಲ.

ಇಳಕಲ್ ಅಕ್ಕ

ನನ್ನದು ಬೇಕಂತ ಆಗಿದ್ದಲ್ಲರೀ, ಆಗಿಹೋಯ್ತು. 2022. ಎರಡನೇ ಕೂಸು. ಬೆಳಗಿನ ಜಾವ ನೀರು ಒಡೆದು 108ಕ್ಕೆ ಫೋನ್ ಮಾಡಿ ಚಪ್ಪಲಿ ಹುಡುಕುವುದರೊಳಗೆ ಕೂಸು ಬಂದೇಬಿಟ್ಟಿತು. ಬಚ್ಚಲ ಬಾಗಿಲಲ್ಲಿ. ಹಿಡಿದವರು ನಮ್ಮ ನೆಗೆಣ್ಣಿ. ಫೋನಿನಲ್ಲಿದ್ದವರು "ಬಳ್ಳಿ ಕತ್ತರಿಸಬೇಡಿ, ಕೂಸನ್ನು ಒರೆಸಿ ತಾಯಿ ಎದೆ ಮೇಲೆ ಹಾಕಿ, ಬೆಚ್ಚಗೆ ಹೊದಿಸಿ" ಅಂದರು. ಅತ್ತಿ ಕುಡಗೋಲು ಹಿಡಿದು ನಿಂತಿದ್ದರು! ನೆಗೆಣ್ಣಿ ಕಸಿದುಕೊಂಡಳು. ಗಾಡಿ ಬಂದ ಮೇಲೆ ಅವರೇ ಬಳ್ಳಿ ಕತ್ತರಿಸಿ ಆಸ್ಪತ್ರೆಗೆ ಒಯ್ದರು. ಎಲ್ಲ ಚಲೋ ಆಯಿತು, ದೇವರ ದಯೆ.

ಆದರೂ ಆ ಇಪ್ಪತ್ತು ನಿಮಿಷ ಮತ್ತೆ ಬೇಕಾ ಅಂದರೆ ಬ್ಯಾಡವ್ವಾ.

ಮನೆಯಲ್ಲಿ ಹುಟ್ಟಿದರೆ ಜನನ ಪ್ರಮಾಣಪತ್ರಕ್ಕೆ ನೀವೇ ಓಡಾಡಬೇಕು, 21 ದಿನದೊಳಗೆ ಬರೆಸಬೇಕು. ಈಗ ಶಾಲೆಗೂ ಎಲ್ಲದಕ್ಕೂ ಅದೇ ಬೇಕು. ಹುಟ್ಟಿದ ದಿನದ ಲಸಿಕೆಗಳೂ ಇರುತ್ತವೆ. ಹೆಪಟೈಟಿಸ್ ಬಿ ಇಂಜೆಕ್ಷನ್ 24 ತಾಸಿನೊಳಗೆ ಹಾಕಿಸಬೇಕು ಅಂದಿದ್ದರು.

ಮಂಗಳೂರು ಮಳೆ

2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಒಬ್ಬ ಶಿಕ್ಷಕಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಹೆರಲು ಹೋಗಿ ತೀರಿಕೊಂಡರು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಇನ್ನೊಬ್ಬರು, ಅದು ಐದನೇ ಹೆರಿಗೆ. ಗಂಡನನ್ನು ಅರೆಸ್ಟ್ ಮಾಡಿದರು. ಎರಡೂ ಕಡೆ ರಕ್ತಸ್ರಾವ, ಎರಡೂ ಕಡೆ ಮಗು ಉಳಿಯಿತು. ಸಿಸ್ಟರ್ ಹೇಳಿದ ಟ್ರಾಕ್ಟರ್ ಕಥೆಯೇ. "ನಿನ್ನಿಷ್ಟ" ಅಂದ ಯಜಮಾನರಿಗೆ ಇದನ್ನು ಓದಿಸಿ.

ಸುಮ್ನೆ ಓದುವವ

ಎಲ್ಲರೂ ಆಸ್ಪತ್ರೆ ಆಸ್ಪತ್ರೆ ಅನ್ನುತ್ತಿದ್ದೀರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರಲ್ಲ? ಹಾಕಿದ ಡ್ರಿಪ್ ಬಾಟಲಿ ಮೇಲೇ ಸಂಶಯ ಬಂದು ಸರ್ಕಾರ ಅದನ್ನು ನಿಲ್ಲಿಸಿತು. ಅವರೆಲ್ಲ ನಿಮ್ಮ ಮಾತು ಕೇಳಿ ಆಸ್ಪತ್ರೆಗೆ ಹೋದವರೇ. ಅದಲ್ಲದೆ ನಮ್ಮ ರಾಜ್ಯದಲ್ಲಿ ಮೂರರಲ್ಲಿ ಹತ್ತಿರ ಹತ್ತಿರ ಒಂದು ಹೆರಿಗೆ ಸಿಸೇರಿಯನ್. ಅಷ್ಟೊಂದು ಹೊಟ್ಟೆ ಕೊಯ್ಯಬೇಕಾ? ಹೆಂಗಸರು ಮನೆ ಕಡೆ ಯಾಕೆ ನೋಡುತ್ತಾರೆ ಅಂತ ಯಾರೂ ಕೇಳುತ್ತಿಲ್ಲ.

ನಿವೃತ್ತ ಸಿಸ್ಟರ್, ಮಧುಗಿರಿ ಕಡೆ

ಬಳ್ಳಾರಿ ಬಗ್ಗೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ಆ ಸುದ್ದಿ ಬಂದ ವಾರ ನಾವು ಹಳೇ ಸಿಸ್ಟರ್‌ಗಳು ಒಬ್ಬರಿಗೊಬ್ಬರು ಫೋನ್ ಮಾಡಿ ಅತ್ತಿದ್ದೇವೆ. ಮನೆ ಮನೆಗೆ ಹೋಗಿ "ಬನ್ನಿ, ಬನ್ನಿ" ಅಂತ ಕೈ ಹಿಡಿದು ಕರೆದುಕೊಂಡು ಹೋದವರು ನಾವು. ಸಿಸೇರಿಯನ್ ಮಾತೂ ನಿಜ, ಖಾಸಗಿಯಲ್ಲಂತೂ ಇನ್ನೂ ಜಾಸ್ತಿ. ಆದರೆ ಅಲ್ಲಿ ಕಳಪೆ ಅಂತ ಇಲ್ಲಿ ಏನೂ ಇಲ್ಲದ ಕಡೆ ಮಲಗುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮೂಡಿಗೆರೆ ಮಗಳು

ಎಲ್ಲರದ್ದೂ ಓದಿದೆ. ಸಿಸ್ಟರ್, ನಿಮ್ಮದನ್ನು ಮೂರು ಸಲ ಓದಿದೆ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಜ್ಜಿಗೆ ಆರಲ್ಲ, ಏಳು. ಒಂದು ನಿನಗೆ ಹೇಳಿರಲಿಲ್ಲ" ಅಂದರು.

ನನ್ನ ಭಯ ಮಾತ್ರ ಹಾಗೇ ಇದೆ. ಮತ್ತೆ ಆ ಮಂಚದ ಮೇಲೆ ಒಬ್ಬಳೇ ಮಲಗಲು ನನ್ನಿಂದ ಆಗುವುದಿಲ್ಲ. ಏನು ಮಾಡಲಿ ಹೇಳಿ.

ನಿವೃತ್ತ ಸಿಸ್ಟರ್, ಮಧುಗಿರಿ ಕಡೆ

ಒಬ್ಬಳೇ ಮಲಗಬೇಡ. ಜೊತೆಗೆ ಒಬ್ಬ ಹೆಂಗಸು ಲೇಬರ್ ರೂಮಿನೊಳಗೆ ಇರಬಹುದು ಅಂತ 2016ರಲ್ಲೇ ಕೇಂದ್ರ ಸರ್ಕಾರ ಹೇಳಿದೆ, ಸರ್ಕಾರಿ ಆಸ್ಪತ್ರೆಗಳಿಗೆ. ತಾನೂ ಹೆತ್ತವಳಾಗಿದ್ದರೆ ಒಳ್ಳೆಯದು. ಅಮ್ಮನನ್ನು ಕರೆದುಕೊಂಡು ಹೋಗು. ಕೆಲವು ಕಡೆ ಬಿಡುವುದಿಲ್ಲ ಅನ್ನುತ್ತಾರೆ, ಅದಕ್ಕೇ ನೋವು ಬರುವ ಮೊದಲೇ ಹೋಗಿ ಕೇಳಬೇಕು. ಜುಲೈನಲ್ಲಿ ಒಂದು ದಿನ ತಾಯಿ ಕಾರ್ಡ್ ಹಿಡಿದು ಹೋಗು. ಲೇಬರ್ ರೂಮು ನೋಡು, ಅಲ್ಲಿನ ಸಿಸ್ಟರ್ ಹೆಸರು ಕೇಳು, ನಿನ್ನ ಮೊದಲನೇ ಹೆರಿಗೆ ಹೇಗಾಯಿತು ಅಂತ ಅವರಿಗೆ ಹೇಳು. ಹೇಳಿದರೆ ನಮ್ಮವರಲ್ಲೂ ಮನಸ್ಸು ಕರಗುವವರಿದ್ದಾರೆ. ಓಡಾಡಲು ಬಿಡುತ್ತೀರಾ, ಡ್ರಿಪ್ ಹಾಕುವುದಾದರೆ ಹೇಳಿ ಹಾಕುತ್ತೀರಾ, ಮಗುವನ್ನು ತಕ್ಷಣ ಎದೆ ಮೇಲೆ ಕೊಡುತ್ತೀರಾ ಅಂತ ಕೇಳು. ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಖರ್ಚಿನ ಯೋಚನೆ ಬೇಡ. ಸರ್ಕಾರಿಯಲ್ಲಿ 2011ರಿಂದ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ. ಚಹಾಕ್ಕೆ ಅಂತ ಯಾರಾದರೂ ಕೈ ಚಾಚಿದರೆ ಅದು ಬೇರೆ ಕಥೆ, ಬರೆಯಲು ಶುರು ಮಾಡಿದರೆ ಮುಗಿಯುವುದಿಲ್ಲ.

ಈಗಿಂದೀಗಲೇ ಮಾಡಬೇಕಾದ್ದು ಆ 9.8 ಮೇಲೆತ್ತುವುದು. ಕಬ್ಬಿಣದ ಮಾತ್ರೆ ನುಂಗುತ್ತಿದ್ದೀಯಾ ಅಥವಾ ವಾಕರಿಕೆ ಅಂತ ಕಪಾಟಿನಲ್ಲಿದೆಯಾ? ನಿಜ ಹೇಳು. ಕಾಫಿ ಜೊತೆ ನುಂಗಬೇಡ, ಕಾಫಿ ತೋಟದವಳು ಅಂತ ಗೊತ್ತು. ನಿಂಬೆ ಪಾನಕದ ಜೊತೆ ತಗೋ. ಒಂದು ತಿಂಗಳಾದರೂ ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಹಾಕುತ್ತಾರೆ, ಕೇಳಿ ಹಾಕಿಸಿಕೋ. ನಿನ್ನ ಗುಂಪಿನ ರಕ್ತದವರು ಇಬ್ಬರ ನಂಬರ್ ಗಂಡನ ಫೋನಿನಲ್ಲಿ ಇರಲಿ. ಅವರಿಗೂ ಏನಾದರೂ ಕೆಲಸ ಬೇಕಲ್ಲ.

ದಿನ ತುಂಬುವ ಹತ್ತು ದಿನ ಮುಂಚೆ ತೋಟ ಬಿಟ್ಟು ಪೇಟೆಗೆ ಬಂದುಬಿಡು. ಹೆತ್ತ ಮೂರನೇ ದಿನ ಅಜ್ಜಿಯ ಕೋಣೆಗೇ ಹೋಗಿ ನಲವತ್ತು ದಿನ ಬಿಸಿನೀರು ಹಾಕಿಸಿಕೋ, ಯಾರು ಬೇಡ ಅಂದರು. ಪೇಟೆಯಲ್ಲಿ ನೆಂಟರು ಯಾರೂ ಇಲ್ಲವಾ?

ಮೂಡಿಗೆರೆ ಮಗಳು

ಮಾತ್ರೆ ಕಪಾಟಿನಲ್ಲೇ ಇದೆ ಸಿಸ್ಟರ್. ಕ್ಷಮಿಸಿ. ಇವತ್ತಿನಿಂದ ತಗೊಳ್ಳುತ್ತೇನೆ.

ಚಿಕ್ಕಮಗಳೂರಲ್ಲಿ ಚಿಕ್ಕಮ್ಮನ ಮನೆ ಇದೆ. ಆದರೆ ಅವರದು ಮಾತು ಜಾಸ್ತಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ರಾತ್ರಿ ಸೀರಿಯಲ್ ತನಕ. ಹೆಣ್ಣಾ ಗಂಡಾ ಅಂತ ಹೊಟ್ಟೆ ನೋಡಿ ಹೇಳುವುದು ಬೇರೆ.

ನಿವೃತ್ತ ಸಿಸ್ಟರ್, ಮಧುಗಿರಿ ಕಡೆ

ಚಿಕ್ಕಮ್ಮನ ಮನೆಯಿಂದ ಜಿಲ್ಲಾ ಆಸ್ಪತ್ರೆಗೆ ಎಷ್ಟು ದೂರ?

ಮೂಡಿಗೆರೆ ಮಗಳು

ಆಟೋದಲ್ಲಿ ಹತ್ತು ನಿಮಿಷ.

ನಿವೃತ್ತ ಸಿಸ್ಟರ್, ಮಧುಗಿರಿ ಕಡೆ

ಹತ್ತು ದಿನ ತಡ್ಕೋ ಕಣಮ್ಮ. ಲೇಬರ್ ರೂಮಿಗೆ ಮಾತ್ರ ಅಮ್ಮನನ್ನೇ ಕರ್ಕೊಂಡು ಹೋಗು.